ಕೂಸಿನ ಖೋಲಿ

ನಮ್ಮ ಮನೆಯಲ್ಲಿ ಜಗಳ ಶುರುವಾಗುವ ಮೊದಲು ಕಿಟಕಿ ಮುಚ್ಚುತ್ತಿದ್ದರು. ಮುಚ್ಚುವವನು ಯಾವಾಗಲೂ ಅಪ್ಪ. ಧಾರವಾಡದ ಸಪ್ತಾಪುರದಲ್ಲಿ ಆ ಬಾಡಿಗೆ ಮನೆ ಸಿಗುವ ಮೊದಲು ಅವನು ಎಷ್ಟೋ ಮನೆಗಳ ಕಟ್ಟೆಯ ಮೇಲೆ ಕೂತು, "ನೀವು ಯಾವ ಮಂದಿರಿ?" ಎಂಬ ಪ್ರಶ್ನೆಗೆ ಖರೇ ಉತ್ತರ ಹೇಳಿ, ನೀರು ಕೂಡ ಕುಡಿಯದೆ ಎದ್ದು ಬಂದಿದ್ದ. ಕೊನೆಗೆ ಸಿಕ್ಕ ಮನೆಯ ಮಾಲೀಕರು ಗೋಡೆಯ ಆಚೆಗೇ ಇದ್ದರು. ಅವರ ಹಿತ್ತಲ ಬಾವಿಯ ರಾಟೆ ತಿರುಗಿದರೆ ನಮಗೆ ಕೇಳಿಸುತ್ತಿತ್ತು. ಅಂದಮೇಲೆ ನಮ್ಮ ಮಾತು ಅವರಿಗೆ ಕೇಳಿಸದೆ ಇರುತ್ತದೆಯೇ? "ಈ ಮಂದಿನ ಹಿಂಗ, ಒದರಾಡತಾರ" ಎಂದು ಯಾರೂ ಅನ್ನಬಾರದೆಂಬುದು ಅಪ್ಪನ ಹಟ. ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ಪಿಸುದನಿಯಲ್ಲಿ ನಡೆದವು. ಬೇರೆ ಮನೆಗಳಲ್ಲಿ ಸಿಟ್ಟು ಬಂದಾಗ ದನಿ ಏರುತ್ತದೆ ಎಂಬುದು ನನಗೆ ಸಾಲಿಗೆ ಹೋಗಿ, ಗೆಳತಿಯರ ಮನೆಗೆ ಹೋಗಿ ಬಂದ ಮೇಲೆ ತಿಳಿಯಿತು. ನಮ್ಮಲ್ಲಿ ಇಳಿಯುತ್ತಿತ್ತು. ದನಿ ಇಳಿದಷ್ಟೂ ಮಾತು ಹೆಚ್ಚು ಕಡಿಯುತ್ತಿತ್ತು. ಈ ವಯಸ್ಸಿನಲ್ಲೂ ಯಾರಾದರೂ ನನ್ನ ಹತ್ತಿರ ಬಂದು ತೀರ ಮೆಲ್ಲಗೆ ಮಾತಾಡಿದರೆ ನಾನು ಬೆನ್ನು ನೆಟ್ಟಗೆ ಮಾಡಿ ಕೂಡುತ್ತೇನೆ.

ಒಳಗೆ ಬಂದರೆ ಮೊದಲು ಪಡಸಾಲೆ. ಅದರ ಬಲಕ್ಕೆ ಅಪ್ಪ, ಅವ್ವ ಮಲಗುವ ಖೋಲಿ, ಎಡಕ್ಕೆ ಒಂದು ಸಣ್ಣ ಖೋಲಿ, ಹಿಂದೆ ಅಡಿಗೆಮನೆ. ಸಣ್ಣ ಖೋಲಿಯಲ್ಲಿ ಆಯಿ ಮತ್ತು ನಾನು. ಆಯಿ ಅಂದರೆ ಅಪ್ಪನ ತಾಯಿ, ಶಿರಗುಪ್ಪಿಯವಳು. ಜೀವನವೆಲ್ಲ ಒಂದೇ ಅಂಕಣದ ಮನೆಯಲ್ಲಿ ಗಂಡ, ಮಕ್ಕಳು, ಒಂದು ಎಮ್ಮೆಯ ಜೊತೆ ಮಲಗಿ ಎದ್ದವಳು. ಸಪ್ತಾಪುರಕ್ಕೆ ಬಂದ ಮೇಲೆ ಮೊದಲ ಸಲ ಬಾಗಿಲಿರುವ ಒಂದು ಖೋಲಿ ಅವಳದಾಗಿತ್ತು. ಮಧ್ಯಾಹ್ನ ಅದರ ಬಾಗಿಲು ಹಾಕಿಕೊಂಡು, ಕೌದಿಯ ಮೇಲೆ ಕಾಲು ಚಾಚಿ, ಸುಮ್ಮನೆ ಸೂರು ನೋಡುತ್ತಿದ್ದಳು. "ಏನ ನೋಡಾಕತ್ತೀ ಆಯಿ?" ಎಂದರೆ "ಏನಿಲ್ಲ, ಹಂಗ ಮಲಗೇನಿ" ಎನ್ನುತ್ತಿದ್ದಳು. ಮೂಲೆಯಲ್ಲಿ ಅವಳ ತಗಡಿನ ಟ್ರಂಕು. ಅಪ್ಪ ಪಡಸಾಲೆಯಲ್ಲಿ ಬುದ್ಧನ ಪಟ ಒಂದನ್ನೇ ಹಾಕಿದ್ದ. ಬೇರೆ ದೇವರು ಹೊಸ್ತಿಲು ದಾಟಕೂಡದೆಂದು ಕಟ್ಟಪ್ಪಣೆ ಮಾಡಿದ್ದ. ಆಯಿ ಮುಂಜಾನೆ ಎದ್ದು ಆ ಪಟಕ್ಕೆ ಕೈ ಮುಗಿದು, ಖೋಲಿಗೆ ಬಂದು ಟ್ರಂಕು ತೆರೆದು, ಸೀರೆಗಳ ಅಡಿಯಲ್ಲಿದ್ದ ಹಿತ್ತಾಳೆಯ ದುರ್ಗವ್ವನಿಗೂ ಕೈ ಮುಗಿಯುತ್ತಿದ್ದಳು. ಅಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಟ್ರಂಕು ತೆರೆಸಿರಲಿಲ್ಲ. ಅವನು ಸಹಿಸಿಕೊಂಡ ಕೆಲವೇ ಸಂಗತಿಗಳಲ್ಲಿ ಅದೊಂದು.

ಅವ್ವನಿಗೂ ಆಯಿಗೂ ಆಗಿಬರುತ್ತಿರಲಿಲ್ಲ. ಅವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಮನೆಯಲ್ಲಿ ಪತ್ರಿಕೆ ಓದುವವಳು. ಆಯಿಯ ಲೆಕ್ಕದಲ್ಲಿ ಅದೇ ಅವಳ ದೊಡ್ಡ ಐಬು. ಒಲೆಯ ಮುಂದೆ ದಿನಾ ಒಂದು ಕಾಳಗ. ಅವ್ವ ರೊಟ್ಟಿ ಬಡಿದು ಬುಟ್ಟಿಗೆ ಹಾಕಿದರೆ ಆಯಿ ಅದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು.

"ನಡಕ ತೆಳ್ಳಗ, ದಂಡಿ ದಪ್ಪ. ನಿಮ್ಮವ್ವ ನಿನಗ ಪಾಟಿ ಕೊಟ್ಟಳು, ರೊಟ್ಟಿ ಬಡಿಯೂದು ಕಲಸಲಿಲ್ಲ."

"ಹಲ್ಲಿಗೆ ಬರದಿದ್ರ ದಂಡಿ ಬಿಟ್ಟು ತಿನ್ರಿ, ಅತ್ತಿ."

ಇದೂ ಪಿಸುದನಿಯಲ್ಲೇ. ನಾನು ಇಬ್ಬರ ನಡುವೆ ಕೂತು ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ತಿನ್ನುತ್ತ, ಯಾರ ಮಾತು ಹೆಚ್ಚು ನಟ್ಟಿತು ಎಂದು ಮುಖ ನೋಡಿ ತೂಗುತ್ತಿದ್ದೆ. ಅಪ್ಪ ಬಂದರೆ ಇಬ್ಬರೂ ಬಾಯಿ ಮುಚ್ಚುತ್ತಿದ್ದರು. ಅಪ್ಪನನ್ನು ಕಂಡರೆ ಹೆದರಿಕೆ ಎಂದಲ್ಲ. ಅವನು ಬಂದರೆ ಪಾಠ ಶುರುವಾಗುತ್ತಿತ್ತು. ಅವನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ, ಶಿರಗುಪ್ಪಿಯ ನಮ್ಮ ಓಣಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಹೇಗೆ ಕೂಡಬೇಕು, ಹೇಗೆ ಉಣ್ಣಬೇಕು, ಹೇಗೆ ಕೆಮ್ಮಬೇಕು ಎಂಬುದಕ್ಕೆಲ್ಲ ಅವನ ಹತ್ತಿರ ಒಂದೊಂದು ರೀತಿ ಇತ್ತು. ಅಪ್ಪ ಕೆಟ್ಟವನಾಗಿರಲಿಲ್ಲ ಎಂದು ಈಗ ಬರೆಯುವುದು ಸುಲಭ. ಆಗ ನನಗೆ ಅವನು ಕೆಟ್ಟವನೇ.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ತಮ್ಮ ಹುಟ್ಟಿದ. ಗೌತಮ ಎಂದು ಹೆಸರಿಟ್ಟರು. ಅವನು ಅವ್ವನ ಮಗ್ಗುಲಲ್ಲಿ, ಅವಳ ಹಳೆಯ ಸೀರೆಯ ಕೌದಿಯೊಳಗೆ, ಒಂದು ಮುಷ್ಟಿ ಬಿಗಿ ಹಿಡಿದು ಮಲಗುತ್ತಿದ್ದ. ಅವನು ಕತ್ತು ನಿಲ್ಲಿಸುವ ಹೊತ್ತಿಗೆ ಒಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ. ನಾವು ಮೂವರೂ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದೆವು.

"ಇಂವಗ ಆರು ತಿಂಗಳು ತುಂಬಿದ ಕೂಡ್ಲೇ ತನ್ನ ಖೋಲ್ಯಾಗ ಮಲಗಬೇಕು. ಒಬ್ಬನ" ಎಂದ.

"ಯಾವ ಖೋಲ್ಯಾಗ?" ಆಯಿ ಕೇಳಿದಳು.

"ಸಣ್ಣ ಖೋಲ್ಯಾಗ."

"ಅಲ್ಲಿ ನಾ ಅದೇನಿ."

"ನೀ ಅಡಿಗಿಮನ್ಯಾಗ ಮಲಗು, ಅವ್ವಾ. ಬೆಚ್ಚಗ ಇರತೈತಿ. ಸುಮ್ಮಿ ಪಡಸಾಲ್ಯಾಗ ಮಲಗತಾಳ."

ಸುಮ್ಮಿ ಎಂದರೆ ನಾನು. ಆಯಿ ರೊಟ್ಟಿಯನ್ನು ತಾಟಿನಲ್ಲಿ ಇಟ್ಟಳು. ಕೈ ಝಾಡಿಸಿದಳು.

"ಕೂಸಿಗೆ ಖೋಲಿ, ಹಡೆದವ್ವಗ ಒಲಿ. ಪುಣೇಕ್ಕ ಹೋಗಿ ಛಲೋ ಕಲತ ಬಂದಿ."

ಅಪ್ಪ ಕೆಲವು ವರ್ಷಗಳ ಹಿಂದೆ ಮೇಲಿನ ಓದಿಗೆಂದು ಪುಣೆಯಲ್ಲಿ ಇದ್ದು ಬಂದಿದ್ದ. ಅಲ್ಲಿ ಅವನ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಕೂಸಿಗೆ ಬೇರೆ ಖೋಲಿ, ಬೇರೆ ಮಂಚ ಇದ್ದದ್ದನ್ನು ನೋಡಿದ್ದ. ಆ ಕೂಸು ಅಳದೆ, ಯಾರನ್ನೂ ಕರೆಯದೆ, ತಾನೇ ನಿದ್ದೆ ಹೋಗುತ್ತಿತ್ತಂತೆ. ತಾನು ಹುಡುಗನಾಗಿದ್ದಾಗ ಯಾರದೋ ಕಾಲು ತನ್ನ ಹೊಟ್ಟೆಯ ಮೇಲೆ, ತನ್ನ ಪುಸ್ತಕದ ಮೇಲೆ ಇನ್ನಾರದೋ ತಲೆ, ಹೀಗೆ ಮಲಗಿದ್ದನ್ನು ಅವನು ಹೇಳುತ್ತಿದ್ದ. "ತನ್ನದು ಅಂತ ಒಂದು ಜಾಗಾ ಇದ್ದಾಂವ ಯಾರ ಮುಂದೂ ಕುಗ್ಗೂದಿಲ್ಲ. ನನ್ನ ಮಗಗ ಮೊದಲನೇ ವರ್ಷದಿಂದನ ಅದು ಇರಬೇಕು" ಎನ್ನುತ್ತಿದ್ದ. ಈ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ನ್ಯಾಯ ನನ್ನ ಹಾಸಿಗೆಯನ್ನು ಪಡಸಾಲೆಗೆ ಎಸೆಯುತ್ತಿತ್ತು, ಆಯಿಯನ್ನು ಬೂದಿಯ ಹತ್ತಿರ ಮಲಗಿಸುತ್ತಿತ್ತು. "ನನಗೇಕೆ ಮೊದಲನೇ ವರ್ಷದಿಂದ ಇರಲಿಲ್ಲ?" ಎಂದು ಕೇಳಬೇಕೆನಿಸಿ ಕೇಳಲಿಲ್ಲ, ಉತ್ತರ ನನಗೇ ಗೊತ್ತಿತ್ತು.

ಅಂದಿನಿಂದ ವಾರಗಟ್ಟಲೆ ಅದೊಂದೇ ಮಾತು: ಯಾವಾಗ? ಆಯಿ ಅಡ್ಡ ಬೀಳುವುದನ್ನು ಬಿಟ್ಟು ದಿನ ದೂಡುವುದನ್ನು ಹಿಡಿದಳು. ಹಲ್ಲು ಬರಲಿ ಎಂದಳು. ಹಲ್ಲು ಬರುವಾಗ ಜ್ವರ ಬರುತ್ತದೆ, ಅದು ಇಳಿಯಲಿ ಎಂದಳು. ಅಂಬೆಗಾಲು ಇಡಲಿ, ಹಸಿವಾದರೆ ತಾನೇ ಬರುತ್ತದೆ ಎಂದಳು. ಅಪ್ಪ ಪ್ರತಿಯೊಂದಕ್ಕೂ ಪುಣೆಯ ಉತ್ತರ ಕೊಡುತ್ತಿದ್ದ. ಅವ್ವ ಮಾತ್ರ ಒಂದೂ ಮಾತಾಡಲಿಲ್ಲ. ಈ ವಿಷಯ ಬಂದಾಗಲೆಲ್ಲ ಅವಳು ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಅವಳ ಮೌನದಿಂದ ಅಪ್ಪನಿಗೆ ಆಯಿಯ ಮಾತಿಗಿಂತ ಹೆಚ್ಚು ಕಿರಿಕಿರಿ. "ನೀ ಏನ ಅಂತಿ? ಹೇಳು" ಎಂದು ಅವಳ ಹಿಂದೆ ಹೋಗುತ್ತಿದ್ದ. ಅವಳು ಬೆನ್ನು ತಿರುಗಿಸುತ್ತಿದ್ದಳು.

ಆ ಮೌನಕ್ಕೆ ಕಾರಣವಿತ್ತು. ನನಗೂ ಗೌತಮನಿಗೂ ನಡುವೆ ಇನ್ನೊಂದು ಕೂಸು ಇತ್ತು, ಹೆಣ್ಣು. ಅದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಗ ನಾವು ಹುಬ್ಬಳ್ಳಿಯಲ್ಲಿ ಒಂದು ವಠಾರದಲ್ಲಿದ್ದೆವು, ಅಪ್ಪ ಪುಣೆಯಲ್ಲಿದ್ದ. ಒಂದು ಮುಂಜಾನೆ ಪಕ್ಕದ ಮನೆಯವಳು ನನ್ನನ್ನು ಹಾಸಿಗೆಯಿಂದಲೇ ಎತ್ತಿಕೊಂಡು ತನ್ನ ಮನೆಗೆ ಒಯ್ದು, ಕೇಳದಿದ್ದರೂ ಸಕ್ಕರೆ ಕೊಟ್ಟಳು. ನನಗೆ ಆಗ ನಾಲ್ಕೂ ತುಂಬಿರಲಿಲ್ಲ. ನೆನಪಿರುವುದು ಆ ಸಕ್ಕರೆ, ಮತ್ತೆ ಯಾವಾಗಲೋ ತಲೆಯ ಮೇಲೆ ಸೆರಗು ಹೊದ್ದು ಬಂದ ಆಯಿ, ಆಮೇಲೆ ಬಾಗಿಲಲ್ಲಿ ಚೀಲ ಹಿಡಿದು ನಿಂತ ಅಪ್ಪ. ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಹೇಗಾಯಿತೆಂದು ಅವನು ಅವ್ವನನ್ನು ಕೇಳಲಿಲ್ಲ, ಪಕ್ಕದ ಮನೆಯವಳನ್ನು ಕೇಳಿದ. "ಮಗ್ಗಲಾಗ ಮಲಗಿದ್ದಂಗ ಹೋತ್ರಿ" ಎಂದಳು ಅವಳು. ಅಷ್ಟೇ. ಆಮೇಲೆ ಅವನು ಯಾರನ್ನೂ ಏನೂ ಕೇಳಲಿಲ್ಲ. ಈ ಒಂದು ಮಾತನ್ನು ಇಷ್ಟು ವರ್ಷ ಒಳಗೆ ಇಟ್ಟುಕೊಂಡು, ಅದರ ಮೇಲೆ ಪುಣೆಯ ಮನೆ, ಮಗನ ಖೋಲಿ, ತಲೆ ಎತ್ತಿ ನಡೆಯುವುದು ಎಲ್ಲವನ್ನೂ ಕಟ್ಟಿದ್ದ. ಅವ್ವನಿಗೆ ಅದು ತಿಳಿದಿತ್ತು ಎಂದು ಈಗ ನನಗನಿಸುತ್ತದೆ. ಅವನು ಗೌತಮನಿಗೆ ಬೇರೆ ಖೋಲಿ ಬೇಕೆಂದಾಗಲೆಲ್ಲ ಅವಳಿಗೆ ಕೇಳಿಸಿದ್ದು ಬೇರೆಯೇ ಮಾತು.

ಹುಬ್ಬಳ್ಳಿಯ ಬಡಿಗನ ಹತ್ತಿರ ಅಪ್ಪ ಸುತ್ತಲೂ ಕಟ್ಟಿಗೆಯ ಸರಳು ಇರುವ ಮಂಚ ಮಾಡಿಸಿದ. ಅದು ಕೈಗಾಡಿಯ ಮೇಲೆ ಸಪ್ತಾಪುರಕ್ಕೆ ಬಂದಾಗ ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಆಯಿ ಅದರ ಸುತ್ತ ಒಂದು ಸಲ ತಿರುಗಿ, ಸರಳು ಹಿಡಿದು ಅಲ್ಲಾಡಿಸಿದಳು.

"ಬಿಡಾಡಿ ದನಾ ಕಟ್ಟಾಕ ಪಂಚಾಯತಿಯವ್ರು ಕೊಂಡವಾಡ ಮಾಡತಾರ. ಮಗಗ ಕೊಂಡವಾಡ ಮಾಡಿಸಿದಾಂವ ನೀನ ಮೊದಲ."

ಮುಂದಿನ ರವಿವಾರ ಅಪ್ಪ ಸಣ್ಣ ಖೋಲಿಗೆ ತಾನೇ ಸುಣ್ಣ ಬಳಿದ. ಅದಕ್ಕೂ ಮೊದಲು ಆಯಿಗೆ "ಟ್ರಂಕು ತೆಗಿ" ಎಂದ. ಆಯಿ ಅದರ ಮೇಲೆ ಕೂತಳು. ಅಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಿ, ಟ್ರಂಕನ್ನು ಅಡಿಗೆಮನೆಗೆ ಎಳೆದ. ಎಳೆಯುವಾಗ ಒಳಗೆ ದುರ್ಗವ್ವ ಗಡಗಡ ಉರುಳಿದ್ದು ನಮಗೆಲ್ಲ ಕೇಳಿಸಿತು. ಆಯಿ ಅಳಲಿಲ್ಲ. ಅಪ್ಪನ ಕೈಯನ್ನೇ ನೋಡುತ್ತಿದ್ದಳು. ತನ್ನನ್ನು ಎಬ್ಬಿಸಿದ ಆ ಕೈಯನ್ನು.

ಮಧ್ಯಾಹ್ನ ಸುಣ್ಣ ಆರಲೆಂದು ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಅಪ್ಪ ಮಂಚದ ಮೇಲೆ ಹೊಸ ಹಾಸಿಗೆ ಹಾಕಿ, ಕೈ ತೊಳೆದು ಬಂದು, ಅವ್ವನ ಮುಂದೆ ಎರಡೂ ಕೈ ಚಾಚಿದ.

"ಕೂಸನ್ನ ಕೊಡು."

ಅವ್ವ ಅಂದು ಮೊದಲ ಸಲ ಬಾಯಿ ಬಿಟ್ಟಳು.

"ಕೊಡೂದಿಲ್ಲ."

"ಈಗ ಮಲಗಿಸಿದ್ರ ಹಗಲಿನ್ಯಾಗ ರೂಢಿ ಆಗತೈತಿ. ಕೊಡು."

"ಹಾಲು ಕುಡಿಯೂ ಕೂಸನ್ನ ಎದಿ ಬಿಡಿಸಿ ಕಟಗಿ ಪಂಜರದಾಗ ಹಾಕಾಕ ನಿಮಗ ಯಾರು ಹೇಳಿದ್ರು? ಇಂವ ಎಲ್ಲಿ ಮಲಗಿದ್ರ ಬದುಕತಾನ ಅಂತ ನನಗ ಗೊತ್ತೈತಿ."

"ನಿನಗ ಗೊತ್ತೈತಿ?" ಅಪ್ಪನ ದನಿ ಏರಿತು. ನಾನು ಅವನ ಏರಿದ ದನಿ ಕೇಳಿದ್ದು ಅದೇ ಮೊದಲು. "ಗೊತ್ತಿದ್ದರ ಆ ಕೂಸು ಯಾಕ ಹೋತು? ಒಂದನ್ನ ಮಗ್ಗಲಾಗ ಹಾಕ್ಕೊಂಡು ಒತ್ತಿ ಕೊಂದಿ. ಇದನ್ನೂ ಕೊಲ್ಲಾಕ ಬಿಡಲೇನ?"

ಆಚೆ ಬಾವಿಯ ರಾಟೆ ತಿರುಗುತ್ತಿತ್ತು. ಅದು ನಿಂತಿತು. ಯಾರೋ ಹಗ್ಗ ಹಿಡಿದು ಹಾಗೇ ನಿಂತಿದ್ದರು. ಅಪ್ಪನಿಗೂ ಅದು ಕೇಳಿಸಿರಬೇಕು. ಅವನ ಮುಖ ಸುಣ್ಣದ ಗೋಡೆಯಂತಾಯಿತು. ಅವ್ವ ಕೂಸನ್ನು ಇನ್ನೂ ಹತ್ತಿರ ಹಿಡಿದುಕೊಳ್ಳುತ್ತಾಳೆ ಎಂದುಕೊಂಡೆ. ಹಾಗೆ ಮಾಡಲಿಲ್ಲ. ಅವಳು ಕೂಸನ್ನು ತನ್ನಿಂದ ದೂರ ಹಿಡಿದು, ಅದರ ಮುಖ ನೋಡಿದಳು. ತಾನು ಮುಟ್ಟಬಾರದ ಏನನ್ನೋ ಎತ್ತಿಕೊಂಡವಳ ಹಾಗೆ. ಆ ನೋಟ ನೆನಪಾದರೆ ಇವತ್ತಿಗೂ ಅಪ್ಪನ ಮೇಲೆ ನನಗೆ ಮೈ ಉರಿಯುತ್ತದೆ.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಿ ಆಗ ಮಾತಾಡಿದಳು.

"ಆಕಿ ಮಗ್ಗಲಾಗ ಇದ್ದಿದ್ದಿಲ್ಲ ಅದು. ನನ್ನ ಮಗ್ಗಲಾಗ ಇತ್ತು."

ಅಪ್ಪ ತಿರುಗಿದ.

"ಏನಂದಿ?"

"ಆಕಿಗೆ ಮೈಯಾಗ ಆರಾಮ ಇದ್ದಿದ್ದಿಲ್ಲ. ನಾ ಕೂಸನ್ನ ತಗೊಂಡು ಮಕ್ಕೊಂಡಿದ್ದೆ. ಮುಂಜಾನೆ ನೋಡಿದ್ರ ಹೋಗಿತ್ತು. ಒತ್ತಿದ್ರ ನಾ ಒತ್ತಿರಬೇಕು. ಆಕಿನ್ನ ಯಾಕ ಅಂತಿ?"

ಅವ್ವ ಏನೋ ಹೇಳಲು ಬಾಯಿ ತೆರೆದಳು. ಆಯಿ ಎರಡು ಹೆಜ್ಜೆ ಮುಂದೆ ಬಂದು ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ನೀ ಸುಮ್ಮನಿರು. ಇಷ್ಟ ದಿನಾ ಮುಚ್ಚಿಟ್ಟಿದ್ದು ಸಾಕು."

ನನ್ನ ತಲೆಯಲ್ಲಿ ಏನೋ ಒಂದು ಹೊಂದಲಿಲ್ಲ. ಆಯಿ ಸೆರಗು ಹೊದ್ದು ಬಂದದ್ದು ಸಕ್ಕರೆ ತಿಂದ ಮೇಲಲ್ಲವೇ? ಆದರೆ ಅಷ್ಟು ಸಣ್ಣವಳಾಗಿದ್ದಾಗಿನ ನೆನಪನ್ನು ನಾನೇ ನಂಬಲಿಲ್ಲ. ಅಪ್ಪ ಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ ಬಂದು, ತನ್ನ ಎಂದಿನ ದನಿಯಲ್ಲಿ ಹೇಳಿದ.

"ಇಬ್ಬರೂ ಕೂಡಿ ನನ್ನ ಮುಂದ ಮುಚ್ಚಿದ್ರಿ. ಅವ್ವಾ, ಇವತ್ತಿನಿಂದ ನೀ ಈ ಕೂಸನ್ನ ಮುಟ್ಟಬ್ಯಾಡ."

ಆಯಿ ಹೂಂ ಎಂದಳು. ಮರುದಿನ ಮುಂಜಾನೆ ಶಿರಗುಪ್ಪಿಗೆ ಹೊರಟಳು. ಟ್ರಂಕಿನ ಒಂದು ಬದಿಯನ್ನು ನಾನು ಹಿಡಿದೆ. ಅಪ್ಪ ಪಡಸಾಲೆಯಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುತ್ತ ತಲೆ ಎತ್ತಲಿಲ್ಲ. ಅವ್ವ ಓಣಿಯ ತುದಿಯವರೆಗೆ ಬಂದಳು, ಕೂಸನ್ನು ಎತ್ತಿಕೊಂಡು. ಆಯಿ ಅಲ್ಲಿ ನಿಂತು, ಅಪ್ಪನ ಮಾತಿನಂತೆ ಕೂಸನ್ನು ಮುಟ್ಟದೆ, ಅದರ ಕಾಲಿನ ಹತ್ತಿರ ಮುಖ ತಂದು ಗಾಳಿ ಊದಿದಳು. ಕೂಸು ಕೇಕೆ ಹಾಕಿತು.

ಹೀಗೆ ಖೋಲಿ ತೆರವಾಯಿತು. ಅಂದು ಸಂಜೆ ಅಪ್ಪ ಅವ್ವನಿಗೆ, "ಇನ್ನ ಅಲ್ಲಿ ಮಲಗಿಸು" ಎಂದ. ಅವ್ವ ಎದುರಾಡಲಿಲ್ಲ. ಗೌತಮನನ್ನು ಒಯ್ದು ಸರಳಿನ ಮಂಚದಲ್ಲಿ ಮಲಗಿಸಿದಳು. ತಿರುಗಿ ಬಂದು ತನ್ನ ಹಾಸಿಗೆ ಸುತ್ತಿಕೊಂಡು, ಸೀರೆಗಳ ಗಂಟು ಎತ್ತಿಕೊಂಡು, ಅದನ್ನೂ ಅಲ್ಲಿಗೆ ಒಯ್ದಳು. ಮಂಚದ ಪಕ್ಕದಲ್ಲಿ ನೆಲಕ್ಕೆ ಹಾಸಿದಳು. ನನ್ನನ್ನೂ ಕರೆದಳು.

"ಕೂಸಿನ ಖೋಲಿ ಕೂಸಿಗೆ ಆತು. ಕೂಸು ಕರದ್ರ ನಾವು ಬಂದೇವಿ. ನಿಮ್ಮ ಖೋಲಿ ನಿಮಗ ಇರಲಿ."

ಕೆಲವು ವರ್ಷಗಳ ಮಟ್ಟಿಗೆ ಅಪ್ಪನಿಗೆ ಅವಳು ನೇರವಾಗಿ ಆಡಿದ ಕೊನೆಯ ಮಾತು ಅದು. ಮುಂದಿನ ವರ್ಷಗಳಲ್ಲಿ ಎಲ್ಲವೂ ನನ್ನ ಮೂಲಕ ಹೋಯಿತು. "ನಿಮ್ಮಪ್ಪಗ ಊಟಕ್ಕ ಬರಾಕ ಹೇಳು." "ನಿಮ್ಮವ್ವಗ ಅಂಗಿಗುಂಡಿ ಹಚ್ಚಾಕ ಹೇಳು." ಮೂವರೂ ಒಂದೇ ಅಡಿಗೆಮನೆಯಲ್ಲಿ ಇರುತ್ತಿದ್ದೆವು; ನಾನು ಎಡಕ್ಕೆ ತಿರುಗಿ ಕೇಳಿ ಬಲಕ್ಕೆ ತಿರುಗಿ ಹೇಳುತ್ತಿದ್ದೆ. ಮೊದಮೊದಲು ಇದ್ದ ಮಾತನ್ನು ಇದ್ದ ಹಾಗೇ ಒಪ್ಪಿಸುತ್ತಿದ್ದೆ. ಆಮೇಲೆ ಅವುಗಳ ಮೊನೆ ಮುರಿಯಲು ಕಲಿತೆ. "ಹೊತ್ತ ಗೊತ್ತ ಇಲ್ಲೇನ ಅಂತ ಕೇಳು" ಎಂದರೆ "ಲಗೂ ಬರ್ರಿ ಅಂತಾಳ" ಎನ್ನುತ್ತಿದ್ದೆ. ಹೇಳಿದವರಿಗೂ ಇದು ಕೇಳಿಸುತ್ತಿತ್ತು, ಯಾರೂ ತಿದ್ದಲಿಲ್ಲ. ಬಾಗಿಲಿಗೆ ಬಂದವರ ಮುಂದೆ ಅಪ್ಪ, ಅವ್ವ ಇಬ್ಬರೂ ನಗುತ್ತ ನಿಲ್ಲುತ್ತಿದ್ದರು. ಮಾಲೀಕರ ಹೆಂಡತಿ ಒಮ್ಮೆ ಅವ್ವನಿಗೆ, "ನಿಮ್ಮ ಮನ್ಯಾಗ ಜಗಳ ಅನ್ನೂದ ಇಲ್ಲ ನೋಡ್ರಿ ಈಗ" ಎಂದಳು. ಅವಳು ಅದನ್ನು ಕುಹಕಕ್ಕೆ ಅಂದಳೋ ಮೆಚ್ಚಿ ಅಂದಳೋ, ಗೊತ್ತಾಗಲಿಲ್ಲ.

ಅಪ್ಪ ಶಿರಗುಪ್ಪಿಗೆ ಹೋಗುವುದನ್ನು ಬಿಟ್ಟ. ಅವ್ವ ಹೋಗಲು ಶುರು ಮಾಡಿದಳು. ಮೊದಲು ವರ್ಷಕ್ಕೊಮ್ಮೆ ಕರೆದರೂ ಮುಖ ಸಿಂಡರಿಸುತ್ತಿದ್ದವಳು ಈಗ ಸೂಟಿ ಸಿಕ್ಕಾಗಲೆಲ್ಲ ನಮ್ಮಿಬ್ಬರನ್ನು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ಹೋದ ಕೂಡಲೇ ಗೌತಮನನ್ನು ಎತ್ತಿ ಆಯಿಯ ತೊಡೆಯ ಮೇಲೆ ಕೂಡಿಸುತ್ತಿದ್ದಳು. ಮಧ್ಯಾಹ್ನ ಅವನು ಆಯಿಯ ಮಗ್ಗುಲಲ್ಲೇ, ಅವಳ ಸೆರಗು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುತ್ತಿದ್ದ. ಒಂದು ಸಲ ಅವನು ಹಾಗೆ ಮಲಗಿದ್ದಾಗ, ಅತ್ತೆ ಸೊಸೆ ಇಬ್ಬರೂ ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಅಡ್ಡಾಗಿದ್ದೆ. ನಿದ್ದೆ ಬಂದಿದೆ ಎಂದುಕೊಂಡರು.

"ಅತ್ತಿ, ಅವತ್ತ ನೀವು ಹುಬ್ಬಳ್ಯಾಗ ಇದ್ದಿದ್ದಿಲ್ಲ. ಸುದ್ದಿ ಮುಟ್ಟಿದ ಮ್ಯಾಲೆ ಬಂದ್ರಿ. ಯಾಕ ಹಂಗ ಅಂದ್ರಿ?"

"ಮತ್ತೇನ ಅನಬೇಕಿತ್ತು? ಅಂವ ಅಂದಿದ್ದು ಕೇಳಿದ್ದಿಲ್ಲೇನ ನೀ?"

ಅವ್ವ ಇನ್ನೊಂದು ಕಾಯಿ ಎತ್ತಿಕೊಂಡಳು.

"ಕೂಸು ನನ್ನ ಮಗ್ಗಲಾಗ ಇತ್ತು. ಆದ್ರ ನಾ ಒತ್ತಿಲ್ಲ. ನಾ ಎದ್ದಾಗ ಅದು ಇಷ್ಟು ದೂರ ಇತ್ತು. ಒತ್ತಿಲ್ಲರಿ ನಾ."

"ನನಗ ಗೊತ್ತೈತಿ."

"ನಿಮಗ ಹೆಂಗ ಗೊತ್ತು? ನೀವು ಇರಲೇ ಇಲ್ಲ."

"ಇರಲಿಲ್ಲ. ಆದ್ರ ಒಂದ ಮನ್ಯಾಗ ನಿನ್ನ ಜೋಡಿ ಇಷ್ಟು ವರ್ಷ ಜಗಳಾಡೇನಿ. ನಿನ್ನ ನಿದ್ದಿ ಎಂಥಾದ್ದಂತ ನನಗ ಗೊತ್ತಿಲ್ಲ? ನಾ ಆ ಖೋಲ್ಯಾಗ ಕೆಮ್ಮಿದ್ರ ನೀ ಈ ಖೋಲ್ಯಾಗ ಎಚ್ಚರಾಗಾಕಿ." ಆಯಿ ಸಿಪ್ಪೆ 'ಟಪ್' ಎಂದು ಒಡೆದಳು. "ಅಂವ ನಿನ್ನ ಮ್ಯಾಲೆ ಆ ಸಿಟ್ಟು ಇಟ್ಕೊಂಡ್ರ ನೀ ಹೆಂಗ ಬಾಳೇ ಮಾಡತಿದ್ದಿ? ನನ್ನ ಮ್ಯಾಲೆ ಇಟ್ಕೊಳ್ಳಲಿ. ಮಾತಾಡಲಿ, ಬಿಡಲಿ, ನಾ ಅಂವನ ಅವ್ವ. ಅದನ್ನೇನ ಅಂವ ಬಿಡಿಸಾಕ ಬರೂದಿಲ್ಲ."

ಅವ್ವ ಅಳುತ್ತಿದ್ದಳೆಂದು ತೋರುತ್ತದೆ. ಆಯಿ ಗದರಿದಳು.

"ಸಾವಕಾಶ ಸುಲಿ. ಕಾಳು ಒಡ್ಯಾಕತ್ತಿ. ಒಡೆದ ಕಾಳು ಬಿತ್ತಾಕ ಬರತಾವೇನ?"

ಧಾರವಾಡಕ್ಕೆ ತಿರುಗಿ ಬಂದ ದಿನ ಅಪ್ಪ ನನ್ನನ್ನು ಪಡಸಾಲೆಗೆ ಕರೆದು, ಪುಸ್ತಕದಿಂದ ಕಣ್ಣೆತ್ತದೆ, "ಅಲ್ಲಿ ಏನೇನ ಮಾತಾಡಿದ್ರು?" ಎಂದು ಕೇಳಿದ. "ಏನಿಲ್ಲ. ಶೇಂಗಾ ಸುಲಿದ್ರು" ಎಂದೆ. ಅವನ ಮೇಲಿನ ದ್ವೇಷಕ್ಕೆ ಅಂದು ನನಗೊಂದು ಆಧಾರ ಸಿಕ್ಕಿತ್ತು. ಅವನು ಇತಿಹಾಸ ಕಲಿಸುತ್ತಾನೆ, ತನ್ನ ಮನೆಯಲ್ಲಿ ಏನಾಯಿತೆಂದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಆ ಸೊಕ್ಕಿನ ಮೇಲೆ ನಾನು ಬಹಳ ದಿನ ಬದುಕಿದೆ.

ಗೌತಮನಿಗೆ ನಾಲ್ಕು ತುಂಬಿದ ಮೇಲೆ ಸರಳಿನ ಮಂಚ ಅವನಿಗೆ ಸಾಲದಾಯಿತು. ಒಂದು ರವಿವಾರ ಊಟವಾದ ಮೇಲೆ ಅವನು, ಯಾರೂ ಹೇಳದೆ, ತನ್ನ ತಲೆದಿಂಬು ಎಳೆದುಕೊಂಡು ಪಡಸಾಲೆ ದಾಟಿ ಅಪ್ಪನ ಖೋಲಿಗೆ ಹೋದ. ನಮ್ಮ ಮುನಿಸು ಅವನಿಗೆ ಗೊತ್ತಿರಲಿಲ್ಲ. ಅಪ್ಪನ ಹಾಸಿಗೆ ಮೆತ್ತಗಿತ್ತು, ಅಷ್ಟೇ. ನಾನು ಬಾಗಿಲ ಸಂದಿನಿಂದ ನೋಡಿದೆ. ಕೂಸು ಬೇರೆ ಮಲಗಬೇಕೆಂದು ಮನೆಯನ್ನೇ ಒಡೆದ ಮನುಷ್ಯ ಅವನನ್ನು ವಾಪಸು ಕಳಿಸಲಿಲ್ಲ. ಸರಿದು ಸರಿದು ಹಾಸಿಗೆಯ ಅಂಚಿಗೆ ಹೋಗಿ, ಅರ್ಧ ಮೈ ನೆಲದ ಮೇಲೆ ಇಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕಣ್ಣು ತೆರೆದೇ ಮಲಗಿದ. ಅವನು ಹೆದರಿದ್ದ. ಅಲ್ಲಿಯವರೆಗೆ ಅದನ್ನು ಹಟ ಎಂದೇ ನಾನು ತಿಳಿದಿದ್ದೆ.

ಆದರೂ ಅಪ್ಪನಿಗೆ ನಿದ್ದೆ ಬಂದುಬಿಟ್ಟಿತು. ಚಹಾದ ಹೊತ್ತಿಗೆ ಒಮ್ಮೆಲೇ ಕೂಗು ಕೇಳಿ ನಾನು ಓಡಿದೆ. ಅಪ್ಪ ಎದ್ದು ಕೂತು ಗೌತಮನನ್ನು ಎರಡೂ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಹುಡುಗ ಗಾಬರಿಯಿಂದ ಅತ್ತು, ಆಮೇಲೆ ಸಿಟ್ಟಿಗೆದ್ದು, ಅಪ್ಪನ ಎದೆಗೆ ಗುದ್ದಿ, ದಿಂಬು ಎಳೆದುಕೊಂಡು ಹೊರಟುಹೋದ. ಅಪ್ಪನ ಮುಖ ಬೆವರಿತ್ತು.

"ನನ್ನ ಕೈ ಅಂವನ ಕೊರಳ ಮ್ಯಾಲೆ ಇತ್ತು, ಸುಮ್ಮಿ. ಯಾವಾಗ ಹಾಕಿದೆ, ನನಗ ಗೊತ್ತ ಆಗಲಿಲ್ಲ."

ಅವನು ತನ್ನ ಕೈಯನ್ನು ತಿರುವಿ ತಿರುವಿ ನೋಡಿಕೊಂಡ.

ಮುಂದಿನ ರವಿವಾರ ಮುಂಜಾನೆ "ನಡಿ" ಎಂದು ನನ್ನನ್ನು ಬಸ್ಸು ಹತ್ತಿಸಿದ. ಹುಬ್ಬಳ್ಳಿ ದಾಟುವವರೆಗೂ ಎಲ್ಲಿಗೆಂದು ಹೇಳಲಿಲ್ಲ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ ಎಂದು ತೋರುತ್ತದೆ. ಶಿರಗುಪ್ಪಿಯಲ್ಲಿ ಆಯಿ ಬಾಗಿಲ ಮುಂದೆ ಮೆಣಸಿನಕಾಯಿ ಹರವುತ್ತಿದ್ದಳು. ಮಗನನ್ನು ಕಂಡು ಏಳಲಿಲ್ಲ. "ಕೈಕಾಲು ತೊಳಕೊ" ಎಂದಳಷ್ಟೇ. ಅವನು ತೊಳೆಯಲಿಲ್ಲ. ನಿಂತಲ್ಲೇ ಹೇಳಿದ.

"ಅವ್ವಾ, ನಿದ್ದ್ಯಾಗ ಮನಶ್ಯಾಗ ಏನೂ ತಿಳ್ಯೂದಿಲ್ಲ. ಆ ಕೂಸಿನ ಸಲುವಾಗಿ ಇಷ್ಟು ದಿನಾ ನಿನ್ನ ಮ್ಯಾಲೆ ಸಿಟ್ಟ ಮಾಡಿದೆ. ನಿಂದೇನೂ ತಪ್ಪಿಲ್ಲ."

ತಾನು ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಆಯಿ ತಲೆ ತಗ್ಗಿಸಿ ಕೇಳಿದಳು. ಅವಳು ನಗುತ್ತಾಳೋ ಅಳುತ್ತಾಳೋ ಎಂದು ನಾನು ನೋಡುತ್ತಿದ್ದೆ. ಎರಡೂ ಮಾಡಲಿಲ್ಲ.

"ತಪ್ಪಿಲ್ಲ ಅಂತ ನನಗ ಹೇಳಿದಿ. ಆಕಿಗೆ ಹೇಳಿದಿ?"

"ಆಕಿಗ್ಯಾಕ? ನಿನ್ನ ಮಗ್ಗಲಾಗ ಇತ್ತು ಅಂತ ನೀನ ಅಂದಿ."

"ನಾ ಅನ್ನೂಕಿಂತ ಮೊದಲ ನೀ ಆಕಿಗೆ ಒಂದ ಮಾತು ಅಂದಿದ್ದಿ. ಹಡೆದಾಕಿಗೆ ಅಂದಿದ್ದಿ. ಓಣಿಗೆಲ್ಲಾ ಕೇಳೂಹಂಗ. ಅದನ್ನ ಯಾರು ತಿರುಗಿ ತಗೊಳ್ಳಾವ್ರು?"

ಹೊರಡುವಾಗ ಅಪ್ಪ, "ನೀನೂ ನಡಿ ಮನಿಗೆ" ಎಂದ. ಆಯಿ ಮೆಣಸಿನಕಾಯಿ ಮಗುಚುತ್ತ, "ಅಲ್ಲಿ ನನಗ ಖೋಲಿ ಎಲ್ಲೈತಿ?" ಎಂದು ಕೇಳಿದಳು. ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನಿಗೆ ಸತ್ಯ ಹೇಳಬೇಕೆಂಬ ಆಸೆ ನನ್ನ ನಾಲಿಗೆಯ ತುದಿಯವರೆಗೆ ಬಂತು. ಹೇಳಲಿಲ್ಲ, ಮುಂದೆಯೂ ಎಂದೂ ಹೇಳಲಿಲ್ಲ. ಅದು ಆಯಿಯ ಸುಳ್ಳು, ಅವಳದೇ ಆಸ್ತಿ.

ಮನೆ ಮುಟ್ಟಿದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಚಪ್ಪಲಿ ಕಳಚಿ ನೇರವಾಗಿ ಅಡಿಗೆಮನೆಯ ಬಾಗಿಲಿಗೆ ಹೋದ. ಅವನ ಹಿಂದೆ ನಾನು, ಎಂದಿನಂತೆ ಮಾತು ದಾಟಿಸಲು ತಯಾರಾಗಿ. ಅವನು ನನ್ನ ಕಡೆ ನೋಡಲಿಲ್ಲ.

"ಅವತ್ತ ನಾ ನಿನಗ ಅಂದ ಮಾತು... ಅನಬಾರದಾಗಿತ್ತು. ಸುಳ್ಳ ಮಾತು ಅದು."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಬಡಿದ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ನಿಂತು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಮುಖ ನೋಡಿ ಕೇಳಿದಳು.

"ಇಷ್ಟು ಹೇಳಾಕ ನೀವು ಶಿರಗುಪ್ಪಿತನಕಾ ಹೋಗಿ ಬರಬೇಕಾತೇನ್ರಿ?"

ಕೇಳಿದವಳು ಒಲೆಯ ಕಡೆ ತಿರುಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಮನೆಯೆಲ್ಲ ಹೊಗೆ ತುಂಬಿದರೂ ಅವನ ಉತ್ತರಕ್ಕಾಗಿ ಕಾದು ನಿಂತಳು.